ಸಭೆಯ ನಾದ, ಇತಿಹಾಸದ ಆಧಾರ: ಜಾಝ್ ಸ್ಯಾಕ್ಸೊಫೋನಿನ ಒಂದು ಧ್ವನಿಮುದ್ರಿಕೆಯ ವಿವೇಚನೆ

೧

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ—ಬೆಳಗಾವಿ ಜಿಲ್ಲೆಯ ಈ ನಾಲ್ಕು ಸ್ಥಳಗಳು ಇತಿಹಾಸದ ವಿದ್ಯಾರ್ಥಿಗೆ ಅಪರಿಚಿತವಾದವುಗಳಲ್ಲ. ಸವದತ್ತಿಯು ಸುಗಂಧವರ್ತಿ ಎಂಬ ಹೆಸರಿನಿಂದ ರಟ್ಟರ ರಾಜಧಾನಿಯಾಗಿದ್ದಿತು, ಕ್ರಿ. ಶ. ೯೮೦ರ ಶಾಂತಿವರ್ಮನ ಶಾಸನವೂ ೧೨೨೮ರ ಇಮ್ಮಡಿ ಲಕ್ಷ್ಮೀದೇವನ ಶಾಸನವೂ ಅಲ್ಲಿ ದೊರೆತಿವೆ. ಕಿತ್ತೂರಿನ ಕೋಟೆಯ ಮುಂದೆ ೧೮೨೪ರ ಅಕ್ಟೋಬರ್ ೨೩ರಂದು ಥ್ಯಾಕರೆಯು ಮಡಿದನು. ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದ ರಾಣಿ ಚೆನ್ನಮ್ಮನು ೧೮೨೯ರ ಫೆಬ್ರವರಿ ೨ರಂದು ಕೊನೆಯುಸಿರೆಳೆದಳು. ರಾಮದುರ್ಗವು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಒಂದು ಸಂಸ್ಥಾನವಾಗಿತ್ತು. ಇವಕ್ಕೆಲ್ಲ ಶಾಸನಗಳೂ ದಫ್ತರಗಳೂ ಪತ್ರಗಳೂ ಆಧಾರವಾಗಿ ಒದಗಿವೆ. ಆದರೆ ಈ ನಾಡಿನ ಜನರು ರಾತ್ರಿಯ ಹೊತ್ತು ಒಂದೆಡೆ ಕೂಡಿ ಏನನ್ನು ಕೇಳುತ್ತಿದ್ದರು, ಕೇಳುವಾಗ ಎಲ್ಲಿ ತಲೆದೂಗುತ್ತಿದ್ದರು, ಎಲ್ಲಿ ಕೂಗಿ ಮತ್ತೊಮ್ಮೆ ಹಾಡಿಸುತ್ತಿದ್ದರು ಎಂಬ ಪ್ರಶ್ನೆಗೆ ನಮ್ಮ ಆಧಾರಗಳು ಬಹುಮಟ್ಟಿಗೆ ಮೌನವಾಗಿವೆ.

ಈ ಮೌನವನ್ನು ಸ್ಪಷ್ಟವಾಗಿ ತೋರಿಸುವುದಕ್ಕೆ ಒಬ್ಬನೇ ವಿದ್ವಾಂಸನ ಕಾರ್ಯವನ್ನು ನೆನೆದರೆ ಸಾಕು. ಜಾನ್ ಫೇತ್‌ಫುಲ್ ಫ್ಲೀಟನು ಸವದತ್ತಿ ಮತ್ತು ಬೆಳಗಾವಿಯ ರಟ್ಟರ ಶಾಸನಗಳನ್ನು ಸಂಪಾದಿಸಿ ಪ್ರಕಟಿಸಿದನು. ಅವನೇ ೧೮೮೫ರಿಂದ ಮುಂದೆ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕನ್ನಡದ ಲಾವಣಿಗಳನ್ನು ಇಂಗ್ಲಿಷ್ ಅನುವಾದಸಹಿತ ಅಚ್ಚು ಹಾಕಿಸಿದನು. ಹಲಗಲಿಯ ಬೇಡರ ಲಾವಣಿ, ಸಂಗೊಳ್ಳಿ ರಾಯಣ್ಣನ ಲಾವಣಿ, ಬೈಲಹೊಂಗಲದ ಸಂಗ್ಯಾನ ಕೊಲೆಯ ಲಾವಣಿ ಇವು ಆ ಮಾಲಿಕೆಯಲ್ಲಿ ಸೇರಿವೆ. ಎಡಿಸನ್ನನು ಫೋನೊಗ್ರಾಫನ್ನು ನಿರ್ಮಿಸಿದ್ದು ೧೮೭೭ರಲ್ಲಿ. ಅಂದರೆ ಫ್ಲೀಟನು ಲಾವಣಿಗಳನ್ನು ಪ್ರಕಟಿಸುವ ಹೊತ್ತಿಗೆ ನಾದವನ್ನು ಹಿಡಿದಿಡುವ ಯಂತ್ರವು ಲೋಕದಲ್ಲಿ ಹುಟ್ಟಿ ಆಗಿತ್ತು. ಆದರೂ ನಮಗೆ ಉಳಿದುದು ಪಠ್ಯ. ಹಾಡಿದವನ ಕಂಠ, ಹಿಮ್ಮೇಳದವರ ಏರು, ಕೇಳಿದವರ ಉದ್ಗಾರ ಇವು ಮುದ್ರಿತ ಪುಟದೊಳಗೆ ಬರಲಿಲ್ಲ. ಫ್ಲೀಟನ ಉಪಕಾರವು ದೊಡ್ಡದು. ಕೊರತೆಯು ಅವನದಲ್ಲ, ಬರಹವೆಂಬ ಸಾಧನದ್ದು.

ಆ ಕೊರತೆಯನ್ನು ತುಂಬಬಲ್ಲ ಆಧಾರ ಯಾವುದು, ಅದನ್ನು ಇತಿಹಾಸಕಾರನು ಹೇಗೆ ಓದಬೇಕು—ಅಥವಾ ಕೇಳಬೇಕು—ಎಂಬುದು ಪ್ರಸ್ತುತ ಲೇಖನದ ವಿಷಯ. ಸಭೆಯ ಎದುರಿನಲ್ಲಿಯೇ ಮುದ್ರಿತವಾದ ಸಂಗೀತವು ಅಂಥ ಆಧಾರವೆಂಬುದು ನಮ್ಮ ಅಭಿಪ್ರಾಯ. ಇದನ್ನು ಪರೀಕ್ಷಿಸಲು ದೂರದ ಒಂದು ಉದಾಹರಣೆಯನ್ನು ಎತ್ತಿಕೊಂಡಿದ್ದೇವೆ: ನ್ಯೂಯಾರ್ಕ್ ನಗರದ ವಿಲೇಜ್ ವ್ಯಾನ್‌ಗಾರ್ಡ್ ಎಂಬ ಕ್ಲಬ್ಬಿನಲ್ಲಿ ಜಾನ್ ಕೋಲ್ಟ್ರೇನನು ೧೯೬೧ರ ನವೆಂಬರಿನಲ್ಲಿ ನುಡಿಸಿದ ಸ್ಯಾಕ್ಸೊಫೋನ್ ವಾದನ. ದೂರದ್ದನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಆ ನಾಲ್ಕು ರಾತ್ರಿಗಳ ಮುದ್ರಣವು ವಿಪುಲವಾಗಿ ಉಳಿದಿದೆ. ಅದರಿಂದ ಮೊದಲು ಆಯ್ದು ಹೊರತಂದುದು ಯಾವುದು, ಬಹುಕಾಲ ತಡೆಹಿಡಿದುದು ಯಾವುದು ಎಂಬುದೂ ಗೊತ್ತಿದೆ. ಆಧಾರವನ್ನೂ ಆಧಾರದ ಆಯ್ಕೆಯನ್ನೂ ಒಟ್ಟಿಗೆ ಪರಿಶೀಲಿಸುವ ಇಂಥ ಅವಕಾಶವು ವಿರಳ.

೨

ಮೊದಲು ವಾದ್ಯದ ಮಾತು. ಸ್ಯಾಕ್ಸೊಫೋನು ಜನಪದರ ಕೈಯಲ್ಲಿ ತಾನಾಗಿ ಬೆಳೆದ ವಾದ್ಯವಲ್ಲ. ಬೆಲ್ಜಿಯಮ್ಮಿನ ದಿನಾನ್ ಎಂಬ ಊರಿನಲ್ಲಿ ೧೮೧೪ರಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸನು ಇದನ್ನು ನಿರ್ಮಿಸಿ, ೧೮೪೬ರಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದನು. ಮೈಯೆಲ್ಲ ಹಿತ್ತಾಳೆ, ಆದರೆ ಊದುವ ತುದಿಯಲ್ಲಿ ಜೊಂಡಿನ ಒಂದು ತೆಳು ಸೀಳು ಕಂಪಿಸಿ ನಾದವನ್ನು ಹುಟ್ಟಿಸುತ್ತದೆ. ನಮ್ಮ ಮದುವೆಮನೆಯ ಸನಾದಿಯಲ್ಲಿ ಅಂಥ ಎರಡು ಸೀಳುಗಳು ಜೋಡಿಯಾಗಿರುತ್ತವೆ. ಹೀಗೆ ರಚನೆಯಲ್ಲಿ ಇವೆರಡೂ ದೂರದ ದಾಯಾದಿಗಳು. ಸ್ಯಾಕ್ಸೊಫೋನು ಮೊದಲು ಸೈನ್ಯದ ಬ್ಯಾಂಡುಗಳಲ್ಲಿ ನೆಲೆಗೊಂಡಿತು. ಅಲ್ಲಿಂದ ವಸಾಹತುಗಳಿಗೂ ಅರಮನೆಗಳಿಗೂ ಸಂಚರಿಸಿತು. ಅಮೆರಿಕೆಯಲ್ಲಿ ಅದು ಆಫ್ರಿಕಾ ಮೂಲದ ಜನರ ಕೈಗೆ ಬಂದು ಜಾಝ್ ಸಂಗೀತದ ಮುಖ್ಯ ವಾದ್ಯವಾಯಿತು.

ಎರಡನೆಯದು ಯಂತ್ರದ ಮಾತು. ಭಾರತದಲ್ಲಿ ಗ್ರಾಮಫೋನಿನ ಮುದ್ರಣವು ೧೯೦೨ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಮೊದಲಾದವರ ಗಾಯನದೊಂದಿಗೆ ಮೊದಲುಗೊಂಡಿತು. ಆ ಕಾಲದಿಂದ ಸುಮಾರು ಅರ್ಧ ಶತಮಾನದವರೆಗೆ ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷಗಳಷ್ಟು ನಾದ ಮಾತ್ರ. ಅಬ್ದುಲ್ ಕರೀಂ ಖಾನರು ಬೈಠಕಿನಲ್ಲಿ ಗಂಟೆಗಟ್ಟಲೆ ವಿಸ್ತರಿಸುತ್ತಿದ್ದ ರಾಗವು ತಟ್ಟೆಯಲ್ಲಿ ಮೂರು ನಿಮಿಷಕ್ಕೆ ಇಳಿಯಿತು. ಧಾರವಾಡದ ಸಮೀಪದ ಮನಸೂರಿನ ಮಲ್ಲಿಕಾರ್ಜುನರು ತಾರುಣ್ಯದಲ್ಲಿ ಕೊಟ್ಟ ರೆಕಾರ್ಡುಗಳೂ ಇದೇ ಕಟ್ಟಿಗೆ ಒಳಗಾದವು. ಜಾಝಿನ ಸ್ಥಿತಿಯೂ ಬೇರೆಯಾಗಿರಲಿಲ್ಲ. ೧೯೪೮ರಲ್ಲಿ ದೀರ್ಘವಾದನದ ಎಲ್. ಪಿ. ತಟ್ಟೆಯು ಬಂದಿತು, ಅದೇ ಸುಮಾರಿಗೆ ಕಾಂತೀಯ ಟೇಪೂ ಬಳಕೆಗೆ ಬಂದಿತು. ಆಗ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ಮೀರಿದ ಅವಕಾಶ ದೊರೆತುದಲ್ಲದೆ, ಯಂತ್ರವನ್ನು ಸಭೆ ಇರುವಲ್ಲಿಗೇ ಒಯ್ಯುವುದು ಸುಲಭವಾಯಿತು. ಸಂಗೀತಗಾರನು ಯಂತ್ರದ ಬಳಿಗೆ ಬರುವುದಕ್ಕೂ ಯಂತ್ರವು ಸಂಗೀತಗಾರನ ಬಳಿಗೆ ಹೋಗುವುದಕ್ಕೂ ಇರುವ ವ್ಯತ್ಯಾಸವು ನಮ್ಮ ವಿಷಯಕ್ಕೆ ಮಹತ್ವದ್ದಾಗಿದೆ.

೩

ವಿಲೇಜ್ ವ್ಯಾನ್‌ಗಾರ್ಡ್ ಎಂಬುದು ನ್ಯೂಯಾರ್ಕಿನ ಗ್ರೀನ್‌ವಿಚ್ ವಿಲೇಜ್ ಭಾಗದಲ್ಲಿ, ಸೆವೆಂತ್ ಅವೆನ್ಯೂ ಸೌತ್ ಬೀದಿಯಲ್ಲಿ, ಒಂದು ಕಟ್ಟಡದ ನೆಲಮಾಳಿಗೆಯಲ್ಲಿದೆ. ೧೯೩೫ರಲ್ಲಿ ಮ್ಯಾಕ್ಸ್ ಗಾರ್ಡನ್ ಎಂಬಾತನು ಅದನ್ನು ಅಲ್ಲಿ ನಡೆಸತೊಡಗಿದನು. ಮೂರು ಮೂಲೆಯ ಸಣ್ಣ ಕೋಣೆ. ನೂರಿಪ್ಪತ್ತಕ್ಕಿಂತ ಹೆಚ್ಚು ಜನಕ್ಕೆ ಸ್ಥಳ ಸಾಲದು. ವಾದಕರಿಗೂ ಮುಂದಿನ ಮೇಜಿನವರಿಗೂ ನಡುವೆ ಕೈಯಳತೆಯ ಅಂತರ. ೧೯೫೭ರ ನವೆಂಬರ್ ೩ರಂದು ಸನಿ ರಾಲಿನ್ಸನು ಕೇವಲ ಬಾಸು ಮತ್ತು ಡ್ರಮ್ಮುಗಳ ಜೊತೆಯಲ್ಲಿ ಅಲ್ಲಿ ನುಡಿಸಿದ ಸ್ಯಾಕ್ಸೊಫೋನು ತಟ್ಟೆಯಾಗಿ ಹೊರಬಂದಿತು. ೧೯೬೧ರ ಜೂನ್ ೨೫ರಂದು ಪಿಯಾನೊವಾದಕ ಬಿಲ್ ಎವನ್ಸನ ತ್ರಯವನ್ನು ಅಲ್ಲಿಯೇ ಮುದ್ರಿಸಲಾಯಿತು. ಆ ತಟ್ಟೆಯಲ್ಲಿ ಗಾಜಿನ ಲೋಟಗಳ ಸದ್ದೂ ಕುಳಿತವರ ಪಿಸುಮಾತೂ ಸ್ಪಷ್ಟವಾಗಿ ಕೇಳಿಸುತ್ತವೆ. ಅಂದು ಬಾಸು ನುಡಿಸಿದ ಸ್ಕಾಟ್ ಲಫಾರೊ ಎಂಬ ತರುಣನು ಹನ್ನೊಂದು ದಿನಗಳಲ್ಲಿ ಮೋಟಾರು ಅಪಘಾತದಲ್ಲಿ ತೀರಿಕೊಂಡನು. ಆ ರಾತ್ರಿ ಯಂತ್ರವು ಅಲ್ಲಿ ಇಲ್ಲದಿದ್ದರೆ ಆ ಮೂವರ ಹೊಂದಾಣಿಕೆಯು ಸಭೆಯೊಂದರ ಎದುರಿನಲ್ಲಿ ಹೇಗಿತ್ತೆಂಬುದಕ್ಕೆ ಇಷ್ಟು ಪೂರ್ಣವಾದ ಸಾಕ್ಷ್ಯವು ಉಳಿಯುತ್ತಿರಲಿಲ್ಲ.

ಕೋಲ್ಟ್ರೇನನು ಉತ್ತರ ಕ್ಯಾರೊಲೈನಾದ ಹ್ಯಾಮ್ಲೆಟ್ ಎಂಬ ಊರಿನಲ್ಲಿ ೧೯೨೬ರಲ್ಲಿ ಹುಟ್ಟಿದವನು. ೧೯೬೭ರಲ್ಲಿ, ನಾಲ್ವತ್ತು ವರ್ಷ ತುಂಬಿದ ಮರುವರ್ಷ ತುಂಬುವ ಮೊದಲೇ, ಮರಣ ಹೊಂದಿದನು. ೧೯೬೧ರ ನವೆಂಬರ್ ೧, ೨, ೩ ಮತ್ತು ೫ನೆಯ ರಾತ್ರಿಗಳಲ್ಲಿ ಅವನ ವಾದನವನ್ನು ರೂಡಿ ವ್ಯಾನ್ ಗೆಲ್ಡರ್ ಎಂಬ ಧ್ವನಿತಜ್ಞನು ಮುದ್ರಿಸಿದನು. ನಿರ್ಮಾಪಕನು ಬಾಬ್ ಥೀಲ್. ಜೊತೆಯಲ್ಲಿದ್ದವರಲ್ಲಿ ಎರಿಕ್ ಡಾಲ್ಫಿ, ಪಿಯಾನೊದಲ್ಲಿ ಮಕಾಯ್ ಟೈನರ್, ಬಾಸಿನಲ್ಲಿ ರೆಜಿ ವರ್ಕ್‌ಮನ್ ಮತ್ತು ಜಿಮಿ ಗ್ಯಾರಿಸನ್, ಡ್ರಮ್ಮಿನಲ್ಲಿ ಎಲ್ವಿನ್ ಜೋನ್ಸ್ ಮುಖ್ಯರು. ಡಾಲ್ಫಿಯ ಬಾಸ್ ಕ್ಲ್ಯಾರಿನೆಟ್ಟಿನ ತಗ್ಗುದನಿಯು ಈ ಮುದ್ರಣಗಳಿಗೆ ಒಂದು ವಿಶಿಷ್ಟ ಬಣ್ಣವನ್ನು ಕೊಟ್ಟಿದೆ.

ಕ್ಲಬ್ಬೆಂದ ಕೂಡಲೇ ಪಾನಗೃಹದ ಕಲ್ಪನೆ ಬಂದು ಕೆಲವರಿಗೆ ಸಂಕೋಚವಾಗಬಹುದು. ಆದರೆ ಕ್ಲಬ್ಬು ಆ ಕಲಾವಿದರಿಗೆ ಜೀವನೋಪಾಯದ ಸ್ಥಳವಾಗಿತ್ತು. ಬಿಳಿಯರಿಗೂ ಕರಿಯರಿಗೂ ಸಮಾನ ಹಕ್ಕು ಇಲ್ಲದ ದೇಶದಲ್ಲಿ, ದೊಡ್ಡ ಸಭಾಗೃಹಗಳ ಬಾಗಿಲು ಅಪರೂಪಕ್ಕೆ ತೆರೆಯುತ್ತಿದ್ದ ಕಾಲದಲ್ಲಿ, ಇಂಥ ನೆಲಮಾಳಿಗೆಗಳಲ್ಲಿಯೇ ಒಂದು ಜನಾಂಗದ ಶ್ರೇಷ್ಠ ಕಲೆ ಬೆಳೆಯಿತು. ಪ್ರತ್ಯೇಕತೆಯನ್ನು ಪ್ರತಿಭಟಿಸಿ ದಕ್ಷಿಣ ರಾಜ್ಯಗಳಿಗೆ ಬಸ್ಸುಗಳಲ್ಲಿ ಸತ್ಯಾಗ್ರಹಿಗಳು ಹೊರಟದ್ದೂ ಅದೇ ೧೯೬೧ರಲ್ಲಿ. ಕಲೆಯು ಹುಟ್ಟಿದ ಸ್ಥಳವನ್ನು ನೋಡಿ ಅದನ್ನು ಬಿಡುವ ಅಧಿಕಾರ ಇತಿಹಾಸಕಾರನಿಗಿಲ್ಲ.

೪

ಈ ವಾದನದಿಂದ ಆಯ್ದ ಮೂರು ಕೃತಿಗಳನ್ನು ಇಂಪಲ್ಸ್ ಸಂಸ್ಥೆಯು ೧೯೬೨ರಲ್ಲಿ ‘ಲೈವ್ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್’ ಎಂಬ ತಟ್ಟೆಯಾಗಿ ಹೊರತಂದಿತು. ಜಾಝನ್ನು ಮೊದಲು ಕೇಳುವ ನಮ್ಮ ವಿದ್ಯಾರ್ಥಿಯು ಅದನ್ನು ಹೇಗೆ ಗ್ರಹಿಸಬೇಕು?

ಮೊದಲನೆಯದು ‘ಸ್ಪಿರಿಚ್ಯುಅಲ್’. ಗುಲಾಮಗಿರಿಯ ಕಾಲದಲ್ಲಿ ಹುಟ್ಟಿದ ಭಕ್ತಿಗೀತೆಗಳಿಗೆ ಆ ಹೆಸರು. ಆರಂಭದಲ್ಲಿ ತಾಳವಿಲ್ಲ, ಟೆನರ್ ಸ್ಯಾಕ್ಸೊಫೋನು ನಿಧಾನವಾಗಿ ಸ್ವರಗಳನ್ನು ಚಾಚುತ್ತದೆ. ಆಲಾಪವನ್ನು ಬಲ್ಲ ಕಿವಿಗೆ ಇದು ಅಪರಿಚಿತವೆನಿಸದು. ಅನಂತರ ಮೂರರ ನಡೆಯಲ್ಲಿ ತಾಳವು ಕೂಡಿಕೊಳ್ಳುತ್ತದೆ. ಡಾಲ್ಫಿಯ ಬಾಸ್ ಕ್ಲ್ಯಾರಿನೆಟ್ಟು, ಟೈನರನ ಪಿಯಾನೊ ತಮ್ಮ ತಮ್ಮ ಸರದಿಯಲ್ಲಿ ವಿಸ್ತರಿಸುತ್ತವೆ. ಕಡೆಯಲ್ಲಿ ಕೋಲ್ಟ್ರೇನನು ಟೆನರನ್ನು ಬಿಟ್ಟು ಸೊಪ್ರಾನೊ ಎಂಬ ನೀಳವಾದ ಎತ್ತರದ ದನಿಯ ಸ್ಯಾಕ್ಸೊಫೋನಿನೊಂದಿಗೆ ಮರಳುತ್ತಾನೆ. ಆ ದನಿಯಲ್ಲಿ ಸನಾದಿಯ ಮೂಗುದನಿಯ ನೆರಳಿದೆ.

ಎರಡನೆಯದು ೧೯೨೮ರ ಒಂದು ಸಂಗೀತ ನಾಟಕದಿಂದ ಬಂದ ‘ಸಾಫ್ಟ್ಲಿ ಆಸ್ ಇನ್ ಎ ಮಾರ್ನಿಂಗ್ ಸನ್‌ರೈಸ್’. ರಂಗಭೂಮಿಯ ಜನಪ್ರಿಯ ಧಾಟಿಯೊಂದನ್ನು ತೆಗೆದುಕೊಂಡು ಪಿಯಾನೊ ಮತ್ತು ಸೊಪ್ರಾನೊಗಳು ಅದರ ಎಲುಬುಗೂಡನ್ನಷ್ಟೆ ಇಟ್ಟುಕೊಂಡು ಹೊಸ ಮೈಯನ್ನು ತೊಡಿಸುತ್ತವೆ. ನಾಟ್ಯಗೀತೆಯನ್ನು ಎತ್ತಿಕೊಂಡು ಬೈಠಕಿನಲ್ಲಿ ಬೆಳೆಸುತ್ತಿದ್ದ ನಮ್ಮ ಗಾಯಕರ ಪದ್ಧತಿಗೂ ಇದಕ್ಕೂ ಹೋಲಿಕೆಯುಂಟು.

ತಟ್ಟೆಯ ಎರಡನೆಯ ಮಗ್ಗುಲನ್ನು ಪೂರ್ತಿಯಾಗಿ ಆಕ್ರಮಿಸಿದ ಕೃತಿ ‘ಚೇಸಿನ್ ದ ಟ್ರೇನ್’. ಇದರ ಅವಧಿ ಹದಿನಾರು ನಿಮಿಷ. ಪಿಯಾನೊ ಸುಮ್ಮನಿರುತ್ತದೆ, ಹೊರೆಯೆಲ್ಲ ಟೆನರ್ ಸ್ಯಾಕ್ಸೊಫೋನು, ಬಾಸು, ಡ್ರಮ್ಮು ಎಂಬ ಮೂರು ವಾದ್ಯಗಳ ಮೇಲೆ. ಆಧಾರವು ಬ್ಲೂಸ್ ಎಂಬ ಹನ್ನೆರಡು ಅಳತೆಗಳ ಚಿಕ್ಕ ಚೌಕಟ್ಟು. ಅದು ಮುಗಿದು ಮತ್ತೆ ಮತ್ತೆ ಮೊದಲಾಗುತ್ತದೆ. ಈ ಚೌಕಟ್ಟನ್ನು ಆವರ್ತನವೆಂದು ತಿಳಿದರೆ ಕೇಳುವುದು ಸುಲಭ. ಕೋಲ್ಟ್ರೇನನು ಪೀಠಿಕೆಯಿಲ್ಲದೆ ನೇರವಾಗಿ ವಿಸ್ತಾರಕ್ಕೆ ನುಗ್ಗುತ್ತಾನೆ. ಒಂದು ಪುಟ್ಟ ಸ್ವರಗುಚ್ಛವನ್ನು ಹಿಡಿದು ಹಿಂಡುತ್ತಾನೆ, ತಿರುವುತ್ತಾನೆ, ಮೇಲಿನ ಸ್ಥಾಯಿಯಲ್ಲಿ ಚೀರಿಸುತ್ತಾನೆ, ತಗ್ಗಿನಲ್ಲಿ ಗೊರಗೊರಗುಟ್ಟಿಸುತ್ತಾನೆ. ಎಲ್ವಿನ್ ಜೋನ್ಸನ ಡ್ರಮ್ಮು ಹಿಂದೆ ನಿಂತು ಲೆಕ್ಕ ಹಾಕುವುದಿಲ್ಲ. ಮುಂದೆ ಬಂದು ಉತ್ತರ ಕೊಡುತ್ತದೆ. ಮಾಧುರ್ಯವನ್ನು ಮಾತ್ರ ಅಪೇಕ್ಷಿಸಿದವನಿಗೆ ಇಲ್ಲಿ ನಿರಾಶೆಯಾಗುವುದು ಸಹಜ. ಇಲ್ಲಿರುವುದು ಶ್ರಮದ ಸೌಂದರ್ಯ: ಮನುಷ್ಯನೊಬ್ಬನು ತನಗೆ ಬರುವುದನ್ನೆಲ್ಲ ನುಡಿಸಿ ಮುಗಿಸಿದ ಮೇಲೆಯೂ ನಿಲ್ಲಿಸದೆ, ಬಾರದುದನ್ನು ಸಭೆಯ ಎದುರಿನಲ್ಲಿಯೇ ಹುಡುಕುವ ಸಾಹಸ.

ಕೃತಿಯ ಹೆಸರಿನ ಹಿಂದೆ ಒಂದು ಸಂಗತಿಯಿದೆ. ನುಡಿಸುವಾಗ ಕೋಲ್ಟ್ರೇನನು ಒಂದೆಡೆ ನಿಲ್ಲದೆ ಚಲಿಸುತ್ತಿದ್ದುದರಿಂದ ವ್ಯಾನ್ ಗೆಲ್ಡರನು ಧ್ವನಿಗ್ರಾಹಕವನ್ನು ಹಿಡಿದು ಅವನನ್ನು ಬೆನ್ನಟ್ಟಬೇಕಾಯಿತಂತೆ. ಟ್ರೇನನನ್ನು ಬೆನ್ನಟ್ಟುವುದು ಎಂಬುದೇ ಹೆಸರಿನ ಅರ್ಥ. ನಮ್ಮ ಶಾಸನಗಳ ಕೊನೆಯಲ್ಲಿ ಬರೆದವನ ಮತ್ತು ಕಂಡರಿಸಿದವನ ಹೆಸರು ಬರುವುದುಂಟು. ಈ ತಟ್ಟೆಯಲ್ಲಿ ಕಂಡರಿಸಿದವನ ಓಡಾಟವು ಕೃತಿಯ ಹೆಸರಿನಲ್ಲಿಯೇ ಉಳಿದಿದೆ.

೫

ಇನ್ನು ಆಧಾರಪರೀಕ್ಷೆಗೆ ಬರೋಣ. ‘ಡೌನ್ ಬೀಟ್’ ಎಂಬ ಅಮೆರಿಕದ ಸಂಗೀತ ಪತ್ರಿಕೆಯಲ್ಲಿ ೧೯೬೧ರ ನವೆಂಬರಿನಲ್ಲಿಯೇ ಜಾನ್ ಟೈನನ್ ಎಂಬ ವಿಮರ್ಶಕನು ಕೋಲ್ಟ್ರೇನ್–ಡಾಲ್ಫಿಯರ ವಾದನವನ್ನು ಜಾಝಿಗೆ ವಿರೋಧಿಯಾದುದೆಂದು ಹಳಿದನು. ೧೯೬೨ರಲ್ಲಿ ವ್ಯಾನ್‌ಗಾರ್ಡ್ ತಟ್ಟೆ ಬಂದಾಗ ಅದೇ ಪತ್ರಿಕೆಯು ಪೀಟ್ ವೆಲ್ಡಿಂಗ್ ಮತ್ತು ಐರಾ ಗಿಟ್ಲರ್ ಎಂಬಿಬ್ಬರಿಂದ ಎರಡು ಬೇರೆ ವಿಮರ್ಶೆಗಳನ್ನು ಬರೆಯಿಸಿತು. ಒಂದೇ ತಟ್ಟೆಗೆ ಎರಡು ತೀರ್ಪು ಬೇಕಾಯಿತೆಂಬುದೇ ಆ ಕಾಲದ ಕಳವಳವನ್ನು ಸೂಚಿಸುತ್ತದೆ. ಕೋಲ್ಟ್ರೇನನೂ ಡಾಲ್ಫಿಯೂ ಅದೇ ವರ್ಷ ಆ ಪತ್ರಿಕೆಯ ಮೂಲಕವೇ ತಮ್ಮ ಸಮಾಧಾನವನ್ನು ಹೇಳಿಕೊಂಡರು.

ಆದರೆ ಆ ವಿಮರ್ಶಕರ ಮೇಜಿನ ಮೇಲಿದ್ದುದು ಮೂರು ಕೃತಿಗಳು. ನಾಲ್ಕು ರಾತ್ರಿಗಳ ಮುದ್ರಣವು ೧೯೯೭ರಲ್ಲಿ ನಾಲ್ಕು ಅಡಕ ತಟ್ಟೆಗಳಲ್ಲಿ ಒಟ್ಟಾಗಿ ಪ್ರಕಟವಾದಾಗ, ಅದರಲ್ಲಿ ಒಂಬತ್ತು ಕೃತಿಗಳ ಇಪ್ಪತ್ತೆರಡು ವಾದನಗಳಿದ್ದವು. ‘ಇಂಡಿಯಾ’ ಎಂಬ ಕೃತಿಯನ್ನು ನಾಲ್ಕು ರಾತ್ರಿಯೂ ನುಡಿಸಿದ್ದರು. ಅದರ ಒಂದು ವಾದನವು ಮಾತ್ರ ೧೯೬೩ರಲ್ಲಿ ‘ಇಂಪ್ರೆಶನ್ಸ್’ ಎಂಬ ಬೇರೆ ತಟ್ಟೆಯಲ್ಲಿ ಹೊರಬಂದಿತ್ತು. ಅದರಲ್ಲಿ ಇಬ್ಬರು ಬಾಸುವಾದಕರು ಶ್ರುತಿಯನ್ನು ತಂಬೂರಿಯಂತೆ ಹಿಡಿದಿರುತ್ತಾರೆ. ಮೇಲೆ ಸೊಪ್ರಾನೊ, ಬಾಸ್ ಕ್ಲ್ಯಾರಿನೆಟ್ಟುಗಳು ಒಂದೇ ಆಧಾರಸ್ವರದ ಸುತ್ತ ಸಂಚರಿಸುತ್ತವೆ. ಆ ಕಾಲದಲ್ಲಿ ಕೋಲ್ಟ್ರೇನನು ಪಂಡಿತ ರವಿಶಂಕರರ ವಾದನವನ್ನು ಆಸಕ್ತಿಯಿಂದ ಕೇಳುತ್ತಿದ್ದನು. ೧೯೬೫ರಲ್ಲಿ ಹುಟ್ಟಿದ ತನ್ನ ಮಗನಿಗೆ ರವಿ ಎಂದು ಹೆಸರಿಟ್ಟನು. ೧೯೬೨ರ ತಟ್ಟೆಯೊಂದನ್ನೇ ಕೇಳಿದವನಿಗೆ ಅವನು ಬಿರುಗಾಳಿಯಂತೆ ನುಡಿಸುವವನೆಂದು ತೋರಬಹುದು. ಪೂರ್ಣ ಮುದ್ರಣವನ್ನು ಕೇಳಿದವನಿಗೆ ‘ನೈಮಾ’ದಂಥ ಶಾಂತ ಕೃತಿಯೂ, ‘ಗ್ರೀನ್‌ಸ್ಲೀವ್ಸ್’ ಎಂಬ ಹಳೆಯ ಇಂಗ್ಲಿಷ್ ಧಾಟಿಯೂ, ಒಂದೇ ಕೃತಿಯು ರಾತ್ರಿಯಿಂದ ರಾತ್ರಿಗೆ ಪಡೆದ ಮಾರ್ಪಾಟೂ ತಿಳಿಯುತ್ತವೆ. ಆಯ್ದ ಪತ್ರಗಳ ಸಂಪುಟಕ್ಕೂ ಇಡೀ ದಫ್ತರಕ್ಕೂ ಇರುವ ಅಂತರವು ಇದೇ. ಮೂವತ್ತೈದು ವರ್ಷಗಳ ತರುವಾಯ ಹೊಸ ತೀರ್ಪು ಸಾಧ್ಯವಾದುದಕ್ಕೆ ಕಾರಣ, ಟೇಪನ್ನು ಯಾರೂ ಅಳಿಸಲಿಲ್ಲವೆಂಬುದು.

ಸಭಾಮುದ್ರಣವಾದ ಮಾತ್ರಕ್ಕೆ ಎಲ್ಲವನ್ನೂ ನಂಬಲಾಗದು. ಸ್ಯಾಕ್ಸೊಫೋನ್ ವಾದಕ ಕ್ಯಾನನ್‌ಬಾಲ್ ಅಡರ್ಲಿಯ ‘ಮರ್ಸಿ, ಮರ್ಸಿ, ಮರ್ಸಿ’ ಎಂಬ ಪ್ರಸಿದ್ಧ ತಟ್ಟೆಯು ಶಿಕಾಗೊ ನಗರದ ಒಂದು ಕ್ಲಬ್ಬಿನಲ್ಲಿ ಮುದ್ರಿತವಾದುದೆಂದು ಅದರ ಹೊದಿಕೆಯೇ ಸಾರುತ್ತದೆ. ವಾಸ್ತವವಾಗಿ ೧೯೬೬ರಲ್ಲಿ ಹಾಲಿವುಡ್ಡಿನ ಮುದ್ರಣಶಾಲೆಯೊಂದರಲ್ಲಿ ಜನರನ್ನು ಆಹ್ವಾನಿಸಿ, ಪಾನೀಯ ಕೊಟ್ಟು, ಕೂರಿಸಿ ಅದನ್ನು ಮುದ್ರಿಸಲಾಯಿತು. ಜನರ ಸಂತೋಷವು ನಿಜ, ವಾದನವೂ ನಿಜ. ಸ್ಥಳ ಮಾತ್ರ ಸುಳ್ಳು. ಕೂಟ ತಾಮ್ರಪಟಗಳನ್ನು ಪರಿಶೀಲಿಸಿದವರಿಗೆ ಇಂಥ ಪ್ರಸಂಗವು ಹೊಸದಲ್ಲ. ಪಶ್ಚಿಮ ಗಂಗರ ಅನೇಕ ತಾಮ್ರಪಟಗಳನ್ನು ಕೃತ್ರಿಮವೆಂದು ಶಂಕಿಸಿ ದೀರ್ಘ ಚರ್ಚೆಯನ್ನು ಎಬ್ಬಿಸಿದವನೂ ಫ್ಲೀಟನೇ. ಕೂಟಶಾಸನವೂ ತಾನು ಹುಟ್ಟಿದ ಕಾಲದ ಬಗೆಗೆ ಸಾಕ್ಷ್ಯ ನುಡಿಯುತ್ತದೆ. ಸಭೆಯ ಸದ್ದಿಗೆ ೧೯೬೬ರ ಪೇಟೆಯಲ್ಲಿ ಎಷ್ಟು ಬೆಲೆಯಿತ್ತೆಂಬುದಕ್ಕೆ ಅಡರ್ಲಿಯ ತಟ್ಟೆಯ ಹೊದಿಕೆಯೇ ಪ್ರಮಾಣ.

೬

ಇದು ಹೊರನಾಡಿನ ವೃತ್ತಾಂತವಷ್ಟೆ ಎಂದು ಯಾರೂ ಭಾವಿಸಬಾರದು. ಸ್ಯಾಕ್ಸೊಫೋನಿನ ಇತಿಹಾಸದಲ್ಲಿ ಕರ್ನಾಟಕಕ್ಕೆ ಗೌರವದ ಸ್ಥಾನವಿದೆ. ದಕ್ಷಿಣ ಕನ್ನಡದ ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ ೧೯೪೯ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ನಾಗಸ್ವರವಾದಕರಾದ ತನಿಯಪ್ಪನವರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕಂಡು ಕೇಳಿ ಅದಕ್ಕೆ ಮನಸೋತರು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್, ಅನಂತರ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಇವರಲ್ಲಿ ಅಭ್ಯಾಸ ಮಾಡಿ, ಕೀಲಿಗಳಿಂದ ಸ್ವರಗಳನ್ನು ಬಿಡಿಬಿಡಿಯಾಗಿ ಹೊರಡಿಸುವ ಆ ವಾದ್ಯದಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ಸಾಧಿಸಿದರು. ೧೯೮೦ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರ ವಾದನವನ್ನು ಕೇಳಿದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿಯು ತಾನೂ ವೇದಿಕೆಯೇರಿ ಅವರೊಂದಿಗೆ ನುಡಿಸಿದನು. ೧೯೯೪ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಬಿ. ಬಿ. ಸಿ. ಪ್ರಾಮ್ಸ್ ಸಭೆಗೆ ಅವರಿಗೆ ಆಹ್ವಾನ ಬಂದಿತು. ೨೦೦೮ರಲ್ಲಿ ಅಮೆರಿಕದ ರುದ್ರೇಶ ಮಹಂತಪ್ಪನವರೊಡನೆ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆ ಹೊರಬಂದಿತು. ೨೦೧೯ರ ಅಕ್ಟೋಬರ್ ೧೧ರಂದು ಅವರು ಮಂಗಳೂರಿನಲ್ಲಿ ನಿಧನರಾದರು.

ಬೆಂಗಳೂರಿನಲ್ಲಿ ಟಿ. ಎ. ಎಸ್. ಮಣಿಯವರು ೧೯೬೪ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಮತ್ತೊಂದು ಉದಾಹರಣೆ. ಬಾಸ್ಟನ್ನಗರದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ನಾಗಸ್ವರವನ್ನೂ ಕಲಿತವನು. ಅವನು ಈ ಸಂಸ್ಥೆಯ ಕಲಾವಿದರೊಡನೆ, ಗಾಯಕಿ ಆರ್. ಎ. ರಮಾಮಣಿಯವರೊಡನೆ, ೧೯೮೩ರಲ್ಲಿ ‘ಜ್ಯೋತಿ’ ಎಂಬ ತಟ್ಟೆಯನ್ನು ಜರ್ಮನಿಯ ಮುದ್ರಣಶಾಲೆಯಲ್ಲಿ ಸಿದ್ಧಪಡಿಸಿದನು. ಅನಂತರ ಇದೇ ಕೂಟದ ಸಭಾಮುದ್ರಣವೂ ‘ಲೈವ್’ ಎಂಬ ಹೆಸರಿನಿಂದ ಪ್ರಕಟವಾಯಿತು. ಮೃದಂಗ, ಘಟ, ಖಂಜಿರಗಳ ಲೆಕ್ಕವನ್ನೂ ಸ್ಯಾಕ್ಸೊಫೋನಿನ ಮನೋಧರ್ಮವನ್ನೂ ಮುದ್ರಣಶಾಲೆಯಲ್ಲಿ ಒಮ್ಮೆ, ಸಭೆಯಲ್ಲಿ ಒಮ್ಮೆ ಕೇಳಿ ಹೋಲಿಸುವ ಅವಕಾಶವು ಹೀಗೆ ದೊರೆತಿದೆ. ನಮ್ಮ ಕಾಲೇಜುಗಳಲ್ಲಿ ಮಾಡಬಹುದಾದ ಒಳ್ಳೆಯ ಅಭ್ಯಾಸಗಳಲ್ಲಿ ಇದೂ ಒಂದು.

೭

ಈಗ ನಮ್ಮ ನಾಲ್ಕು ಊರುಗಳಿಗೆ ಮರಳಬಹುದು. ಇಲ್ಲಿಯ ಹಳ್ಳಿಗಳಲ್ಲಿ ರಾತ್ರಿಯೆಲ್ಲ ನಡೆಯುವ ಸಣ್ಣಾಟವು ವ್ಯಾನ್‌ಗಾರ್ಡಿನ ವಾದನಕ್ಕಿಂತ ಸಭೆಯನ್ನು ಹೆಚ್ಚಾಗಿ ಅವಲಂಬಿಸಿದ ಕಲೆ. ಸಂಗ್ಯಾಬಾಳ್ಯಾ ಆಟವು ಬೈಲಹೊಂಗಲದ ಕಥೆ; ಕಥೆಯು ಎಲ್ಲರಿಗೂ ತಿಳಿದದ್ದೇ. ಬಾಳ್ಯಾನು ಗೆಳೆಯನಿಗೆ ದ್ರೋಹ ಬಗೆಯುವನೆಂದು ಗೊತ್ತಿದ್ದೂ ಜನ ಬೆಳಗಿನವರೆಗೆ ಕೂಡುತ್ತಾರೆ. ಪದವೊಂದು ಮನಸ್ಸಿಗೆ ಹಿಡಿಸಿದರೆ ಮತ್ತೊಮ್ಮೆ ಎನ್ನುತ್ತಾರೆ. ಆಹೇರಿ ಕೊಟ್ಟವರ ಹೆಸರನ್ನು ರಂಗದ ಮೇಲೆ ಕೂಗಲಾಗುತ್ತದೆ. ಹಿಮ್ಮೇಳವು ಜನರ ಉತ್ಸಾಹವನ್ನು ನೋಡಿ ಹಿಗ್ಗುತ್ತದೆ, ಕುಗ್ಗುತ್ತದೆ. ಹರದೇಶಿ–ನಾಗೇಶಿ ಪದಗಾರರ ವಾದದಲ್ಲಿ ಒಂದು ಪಕ್ಷದ ಪ್ರಶ್ನೆಗೆ ಇನ್ನೊಂದು ಪಕ್ಷವು ಅಲ್ಲಿಯೇ ಉತ್ತರ ಕಟ್ಟಬೇಕು. ಕೋಲ್ಟ್ರೇನ್–ಡಾಲ್ಫಿಯರ ಸರದಿಯ ವಾದನಕ್ಕೆ ಇದಕ್ಕಿಂತ ಸಮೀಪದ ಹೋಲಿಕೆ ಬೇಡ. ಜಾತ್ರೆಯ ಮೆರವಣಿಗೆಯಲ್ಲಿ ಕರಡಿಮಜಲಿನ ಸನಾದಿ ಮತ್ತು ಕರಡಿವಾದ್ಯಗಳು ಒಂದನ್ನೊಂದು ಬೆನ್ನಟ್ಟುವ ರೀತಿಯನ್ನು ಕೇಳಿದವರಿಗೆ ಸ್ಯಾಕ್ಸೊಫೋನು ಮತ್ತು ಡ್ರಮ್ಮುಗಳ ಸಂವಾದವು ಹೊಸದೆನಿಸಲಾರದು. ಸವದತ್ತಿಯ ಯಲ್ಲಮ್ಮನ ಗುಡ್ಡದ ಚೌಡಿಕೆಯ ಮೇಳದಲ್ಲಿಯೂ ಹಾಡುವವರು, ಕೇಳುವವರು ಎಂಬ ಗೆರೆಯು ತೆಳುವಾದುದು.

ಇವುಗಳಿಗೆ ಆಧಾರ ಏನಿದೆ? ಸಂಗ್ಯಾಬಾಳ್ಯಾದ ಪಠ್ಯವು ಮುದ್ರಿತವಾಗಿದೆ, ಡಾ. ಚಂದ್ರಶೇಖರ ಕಂಬಾರರಂಥವರು ಅದನ್ನು ಶ್ರದ್ಧೆಯಿಂದ ಸಂಪಾದಿಸಿದ್ದಾರೆ. ೧೯೫೦ರ ಜನವರಿ ೮ರಂದು ಆರಂಭವಾದ ಧಾರವಾಡದ ಆಕಾಶವಾಣಿಯು ಈ ಭಾಗದ ಕಲಾವಿದರಿಗೆ ಧ್ವನಿಯನ್ನು ಕೊಟ್ಟಿತು. ಆದರೆ ಪಠ್ಯದಲ್ಲಿ ಕಾಲವಿಲ್ಲ. ಬಾನುಲಿಯ ಕೋಣೆಯಲ್ಲಿ ಸಭೆಯಿಲ್ಲ. ಇಂದು ಪ್ರತಿಯೊಬ್ಬರ ಕೈಯಲ್ಲಿಯೂ ಧ್ವನಿ, ಚಿತ್ರ ಎರಡನ್ನೂ ಹಿಡಿಯುವ ಮೊಬೈಲ್ ಇದೆ. ಅದರಿಂದ ಹಿಡಿದಿಡುವುದಾದರೂ ಸಾಮಾನ್ಯವಾಗಿ ಎರಡು ಮೂರು ನಿಮಿಷದ ತುಣುಕು. ಹತ್ತು ಅಂಗುಲದ ತಟ್ಟೆಯಲ್ಲಿ ಯಂತ್ರದ ಬಲಹೀನತೆಯಿಂದ ಬಂದ ಕಟ್ಟು ಇಂದು ನಮ್ಮ ಅವಸರದಿಂದ ಮರಳಿ ಬಂದಿದೆ. ಆಟದ ಪ್ರಸಿದ್ಧ ಪದವು ಉಳಿಯುತ್ತದೆ. ಆ ಪದಕ್ಕೆ ಮುಂಚಿನ ಅರ್ಧ ಗಂಟೆಯ ನಿಧಾನ ನಡೆ, ಅದರಿಂದಲೇ ಪದಕ್ಕೆ ಬಂದ ಬಲ, ಇವು ಹೋಗುತ್ತವೆ. ಇಡೀ ರಾತ್ರಿಯ ಆಟವನ್ನು ನೆನಪಿನಿಂದ ನಡೆಸಬಲ್ಲ ಹಿರಿಯ ಭಾಗವತರೂ ಸನಾದಿಯವರೂ ನಮ್ಮ ನಡುವೆ ಇರುವಾಗಲೇ ಈ ಕೆಲಸವಾಗಬೇಕಾಗಿದೆ.

ಆದುದರಿಂದ ವ್ಯಾನ್‌ಗಾರ್ಡಿನ ಉದಾಹರಣೆಯಿಂದ ನಮ್ಮ ಕಾಲೇಜುಗಳ ಇತಿಹಾಸ ವಿಭಾಗಗಳು ಅನುಸರಿಸಬಹುದಾದ ಕೆಲವು ನಿಯಮಗಳನ್ನು ಸೂಚಿಸಬಯಸುತ್ತೇವೆ. ಆಟವನ್ನು ಅಥವಾ ಮೇಳವನ್ನು ಅದು ನಡೆಯುವ ಸ್ಥಳದಲ್ಲಿಯೇ, ಆರಂಭದಿಂದ ಮಂಗಳದವರೆಗೆ, ನಡುವೆ ನಿಲ್ಲಿಸದೆ ಮುದ್ರಿಸಬೇಕು. ಒಂದೇ ಆಟವನ್ನು ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ರಾತ್ರಿ ಮುದ್ರಿಸಬೇಕು. ‘ಇಂಡಿಯಾ’ ಕೃತಿಯ ನಾಲ್ಕು ವಾದನಗಳು ತಿಳಿಸಿದುದನ್ನು ಒಂದು ವಾದನವು ತಿಳಿಸಲಾರದು. ಊರು, ದಿನ, ಸಂದರ್ಭ, ಹಾಡಿದವರ ಮತ್ತು ನುಡಿಸಿದವರ ಹೆಸರು, ಮುದ್ರಿಸಿದವನ ಹೆಸರು ಇವನ್ನು ಶಾಸನದಲ್ಲಿ ಬರೆದಂತೆ ಬರೆದಿಡಬೇಕು. ಕಲಾವಿದರ ಒಪ್ಪಿಗೆಯನ್ನು ಮೊದಲೇ ಪಡೆದು, ಮುದ್ರಣದ ಒಂದು ಪ್ರತಿಯನ್ನು ಅವರಿಗೆ ಕೊಡಬೇಕು. ಸಭೆಯ ಗದ್ದಲವನ್ನು ದೋಷವೆಂದು ತೆಗೆಯಬಾರದು. ಇಲ್ಲದ ಚಪ್ಪಾಳೆಯನ್ನು ಸೇರಿಸಲೂಬಾರದು. ಪ್ರಕಟಣೆಗೆ ಆಯ್ಕೆ ಮಾಡಿದರೂ ಮೂಲವನ್ನು ಮಾತ್ರ ಎಂದಿಗೂ ಅಳಿಸಬಾರದು.

ಶಾಂತಿವರ್ಮನ ಶಾಸನವನ್ನು ಕಲ್ಲಿನ ಮೇಲೆ ಕಂಡರಿಸಿದವರು ಅದನ್ನು ಸಾವಿರ ವರ್ಷಗಳ ಮೇಲೆ ಯಾರು ಓದುವರೆಂದು ಎಣಿಸಿರಲಿಲ್ಲ. ಅವರು ಪೂರ್ತಿಯಾಗಿ ಕಂಡರಿಸಿದುದರಿಂದ ಫ್ಲೀಟನು ಓದಿದನು. ಅವನು ಓದಿದುದರಿಂದ ನಾವು ಬರೆಯುತ್ತಿದ್ದೇವೆ. ಲಾವಣಿಯ ವಿಷಯದಲ್ಲಿ ಪದಗಳು ನಮಗೆ ದೊರೆತವು, ದನಿಯು ದೊರೆಯಲಿಲ್ಲ. ಬೈಲಹೊಂಗಲದ, ಕಿತ್ತೂರಿನ, ಸವದತ್ತಿಯ, ರಾಮದುರ್ಗದ ಇಂದಿನ ರಾತ್ರಿಗಳ ಬಗೆಗೆ ಮುಂದಿನವರು ಇದೇ ಮಾತನ್ನು ಹೇಳದಂತೆ ನೋಡಿಕೊಳ್ಳುವುದು ಈ ಭಾಗದ ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಕೈಯಲ್ಲಿದೆ.